ರಸೀದಿಯ ಹಿಂಬದಿ

ಸಾದಲಿ
8-10-1961

ಪ್ರಿಯ ಅಣ್ಣನಿಗೆ ರತ್ನಳ ನಮಸ್ಕಾರ.

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯಬೇಕು, ಬರೆದಿದ್ದೇನೆ. ನಾನೊಬ್ಬಳು ಕ್ಷೇಮವಾಗಿಲ್ಲ. ಇದನ್ನು ಓದಿ ಒಲೆಗೆ ಹಾಕಿಬಿಡು. ಉತ್ತರಕ್ಕೆ ಕಾರ್ಡು ಬೇಡ. ನಮ್ಮ ಅಂಚೆಯವನು ಕಾರ್ಡನ್ನು ದಾರಿಯಲ್ಲೇ ಓದಿಕೊಂಡು ಬಂದು, ಬಾಗಿಲಲ್ಲಿ ನಿಂತು ವಿಷಯ ಹೇಳಿ, ಆಮೇಲೆ ಕೈಗೆ ಕೊಡುತ್ತಾನೆ.

ಶ್ರಾವಣದಲ್ಲಿ ಗೌರಿಬಿದನೂರಿನಲ್ಲಿ ನಿನ್ನ ಮದುವೆಗೆ ಅತ್ತೆಯನ್ನು ಕೇಳಿಕೊಂಡು ನಾನು ಉಟ್ಟಿದ್ದ ಅರಿಶಿನ ಬಣ್ಣದ ಸೀರೆ ನೆನಪಿದೆ ತಾನೆ? ಅದು ಈ ಮನೆಯ ಧಾರೆ ಸೀರೆ. ನಮ್ಮ ಅತ್ತೆಯ ಅತ್ತೆ ಇದೇ ಮನೆಯಲ್ಲಿ ರೇಷ್ಮೆ ಹುಳ ಮೇಯಿಸಿ, ಅದೇ ಗೂಡಿನ ನೂಲು ತೆಗೆಸಿ ನೇಯಿಸಿದ್ದು. ಈ ಮನೆಗೆ ಬರುವ ಸೊಸೆಯೂ ಈ ಮನೆಯಿಂದ ಹೋಗುವ ಮಗಳೂ ಧಾರೆಯ ಹೊತ್ತಿಗೆ ಅದನ್ನೇ ಉಡಬೇಕು. ಕೊನೆಗೆ ಬಂದ ಸೊಸೆ ಅದನ್ನು ಕಾಯಬೇಕು. ಈಗ ಕಾಯುವವಳು ನಾನು.

ಆರತಿ ತಟ್ಟೆಯ ಎಣ್ಣೆ ಸೆರಗಿಗೆ ಚೆಲ್ಲಿದಾಗ ನೀನೇ ಧೈರ್ಯ ಹೇಳಿದೆ. ನನ್ನನ್ನು ವಾಪಸ್ಸು ಕರೆತರುವಾಗ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಬೆಂಗಳೂರಿನ ಡ್ರೈಕ್ಲೀನಿಂಗ್ ಕಂಪನಿಯ ಅಂಗಡಿಗೆ ನೀನೇ ಕರೆದುಕೊಂಡು ಹೋದೆ. ವಾರ ಬಿಟ್ಟು ಬನ್ನಿ ಎಂದರು. ಮನೆಗೆ ಬಂದರೆ ಅತ್ತೆಗೆ ಹೇಳಲು ನಾಲಿಗೆ ಏಳಲಿಲ್ಲ. ನನ್ನ ಒಂದು ಸೀರೆಯನ್ನೇ ಮಡಿಸಿ, ಧಾರೆ ಸೀರೆಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈ ಅವರಿಗೆ ಕೊಟ್ಟೆ. ಅವರು ತೆಗೆದು ನೋಡಲಿಲ್ಲ. ನಂಬಿದರು.

ವಾರಕ್ಕೆ ಹೋಗಲಾಗಲಿಲ್ಲ, ಮನೆಗೆ ಹುಳ ಬಂತು. ಆ ಅಂಗಡಿಯ ಬಟ್ಟೆಗೆ ಪೆಟ್ರೋಲ್ ವಾಸನೆ ಇರುತ್ತದಂತೆ. ಹುಳ ಇರುವ ಮನೆಗೆ ಅಂಥ ವಾಸನೆ ತಂದರೆ ಅದು ಸೊಪ್ಪು ಮುಟ್ಟುವುದಿಲ್ಲ. ಹುಳದ ಕೋಣೆಯ ಹತ್ತಿರ ನಾವು ಬೀಡಿ ಸೇದುವವರನ್ನೂ ಬಿಡುವುದಿಲ್ಲ, ಪೆಟ್ಟಿಗೆಗೆ ನುಸಿಗುಳಿಗೆಯನ್ನೂ ಹಾಕುವುದಿಲ್ಲ. ಅದಕ್ಕೆ ಹುಳ ನಾಲ್ಕು ಜ್ವರ ಕಳೆದು, ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆ ಏರಿ ಗೂಡು ಕಟ್ಟಿ, ಆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವವರೆಗೂ ಕಾದೆ. ಸೀರೆ ಅಂಗಡಿಯಲ್ಲಿ ಭದ್ರವಾಗಿದೆ ಎಂದುಕೊಂಡಿದ್ದೆ. ನಮ್ಮೂರಲ್ಲಿ ಬಟ್ಟೆ ಒಗೆಯುವ ಗಂಗುಲಮ್ಮ ಕೇಳುವವರೆಗೂ ಇಟ್ಟುಕೊಳ್ಳುತ್ತಾಳೆ. ಹೋದ ಯುಗಾದಿಯ ಹಚ್ಚಡವನ್ನು ಈ ಯುಗಾದಿಗೆ ತಂದುಕೊಟ್ಟಳು.

ನಿನ್ನೆ ಹಲ್ಲುನೋವು ಎಂದು ಸುಳ್ಳು ಹೇಳಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಗಡುವು ದಾಟಿತ್ತು, ಮಾರಿಬಿಟ್ಟೆವು ಎಂದ ಅಂಗಡಿಯವನು. ರಸೀದಿಯನ್ನು ತಿರುಗಿಸಿ ಹಿಂಬದಿಯ ಮೇಲೆ ಬೆರಳಿಟ್ಟ. ಅಲ್ಲಿ ಇಂಗ್ಲಿಷಿನಲ್ಲಿ ಇರುವೆ ಸಾಲಿನ ಹಾಗೆ ಏನೋ ಅಚ್ಚಾಗಿದೆ. ಹನ್ನೆರಡೂವರೆ ರೂಪಾಯಿ ಮುಂದಿಟ್ಟು ರುಜು ಹಾಕು ಎಂದ. ನಾನು ರಸೀದಿ ಕಿತ್ತುಕೊಂಡು ಓಡಿ ಬಂದೆ. ಅದನ್ನು ಇದರ ಜೊತೆ ಇಟ್ಟಿದ್ದೇನೆ.

ನಾದಿನಿ ಸುಬ್ಬಲಕ್ಷ್ಮಿಗೆ ಗಂಡು ಗೊತ್ತಾಗಿದೆ. ವೈಶಾಖದಲ್ಲಿ ಮದುವೆ. ಅಂದು ಪೆಟ್ಟಿಗೆ ತೆಗೆಯುತ್ತಾರೆ. ಅಷ್ಟರೊಳಗೆ ಸೀರೆ ಬರಬೇಕು. ಬರದಿದ್ದರೆ ಏನಾಗುತ್ತದೆ ಎಂದು ನಾನು ಬರೆಯಲಾರೆ.

ನಿನ್ನ ತಂಗಿ
ವೆಂಕಟರತ್ನ


ಚಿಂತಾಮಣಿ
14-10-1961

ಚಿ. ಸೌ. ರತ್ನಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಒಲೆಗೆ ಹಾಕಿಲ್ಲ, ಅದು ನಮಗೆ ಸಾಕ್ಷ್ಯ. ಹೆದರಬೇಡ, ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.

ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದೆ. ಸೀರೆ ಯಾರಿಗೆ ಹೋಯಿತು ಎಂದರೆ ಬೆಂಗಳೂರಿನ ಹರಾಜಿನಲ್ಲಿ ಎನ್ನುತ್ತಾರೆ, ಹೆಸರಿಲ್ಲ, ವಿಳಾಸವಿಲ್ಲ. ಅದು ವಾಪಸ್ಸು ಬರುವ ಆಸೆ ಬಿಡು. ಹಿಂಬದಿಯ ಷರತ್ತನ್ನು ಕನ್ನಡದಲ್ಲಿ ಹೇಳುತ್ತೇನೆ, ಕೇಳು. ಮೂವತ್ತು ದಿನದೊಳಗೆ ತೆಗೆದುಕೊಂಡು ಹೋಗದ ಬಟ್ಟೆಯನ್ನು ಮಾಲೀಕರಿಗೆ ತಿಳಿಸದೆಯೇ ಕಂಪನಿ ವಿಲೇವಾರಿ ಮಾಡಬಹುದು. ಕಳೆದರೂ ಸುಟ್ಟರೂ ಹರಿದರೂ, ತಪ್ಪು ಕಂಪನಿಯದೇ ಆದರೂ, ಒಗೆದ ಕೂಲಿಯ ಐದರಷ್ಟಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ರಸೀದಿ ಕೈಗೆ ತೆಗೆದುಕೊಂಡವರು ಇದನ್ನೆಲ್ಲ ಓದಿ ಒಪ್ಪಿದಂತೆ.

ಕಡೆಯ ಸಾಲು ಓದಿ ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ಕರಿ ಕೋಟು ಹಾಕುವ ನಾನೇ ಪಕ್ಕದಲ್ಲಿ ನಿಂತಿದ್ದು ಓದಲಿಲ್ಲ. ಹೊಸ ಮದುವಣಿಗನ ತಲೆ ಎಲ್ಲಿತ್ತೋ ಎಂದು ನೀನು ಬೈಯಬಹುದು. ಆದರೆ ಓದಿದ್ದರೆ ತಾನೆ ಏನಾಗುತ್ತಿತ್ತು? ಈ ಸಾಲು ಹೊಡೆದುಹಾಕಿ ಎಂದರೆ ಅವನು ಸೀರೆ ವಾಪಸ್ಸು ತಳ್ಳುತ್ತಿದ್ದ. ಎಲ್ಲ ಅಂಗಡಿಯ ರಸೀದಿಯೂ ಹೀಗೇ ಇದೆ. ಬೇಕಾದರೆ ತಗೋ, ಇಲ್ಲದಿದ್ದರೆ ಬಿಡು ಎನ್ನುವುದಕ್ಕೆ ಒಪ್ಪಂದ ಎಂಬ ಹೆಸರು ಕೊಟ್ಟಿದ್ದಾರೆ.

ನಮ್ಮ ಸೀನಿಯರ್ ಆವಲಪ್ಪನವರಿಗೆ ತೋರಿಸಿದೆ. ದಾವೆ ಹಾಕೋಣ ಎಂದರು. ಬೆಲೆ ಪೂರ್ತಿ ಬಂದರೆ ಅಂಥದೇ ಸೀರೆ ನೇಯಿಸಿದರಾಯಿತು. ಅತ್ತೆಗೆ ಗೊತ್ತಾದರೆ ನಾಲ್ಕು ಮಾತು ಅಂದಾರು, ಅನ್ನಿಸಿಕೊ. ಸೊಸೆಯಾದವಳು ಬೈಗುಳಕ್ಕೆ ಇಷ್ಟು ಹೆದರಿದರೆ ಹೇಗೆ? ಸಹಿ ಹಾಕಬೇಕಾದ ವಕಾಲತ್ತು ಕಳಿಸುತ್ತೇನೆ.

ಇತಿ
ಚನ್ನಕೇಶವ


ಸಾದಲಿ
29-10-1961

ಅಣ್ಣನಿಗೆ ನಮಸ್ಕಾರ.

ಕಾರ್ಡು ಬೇಡ ಎಂದರೆ ರಿಜಿಸ್ಟರ್ ಲಕೋಟೆ ಕಳಿಸಿದೆಯಲ್ಲ. ಅಂಚೆಯವನು ಬೀದಿಯ ತುದಿಯಿಂದಲೇ ನನ್ನ ಹೆಸರು ಕೂಗಿಕೊಂಡು ಬಂದ. ಈ ಮನೆಯಲ್ಲಿ ಹೆಂಗಸಿನ ಹೆಸರಿಗೆ ರಿಜಿಸ್ಟರ್ ಬಂದದ್ದು ಇದೇ ಮೊದಲು. ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದವರು ಕೈ ನಿಲ್ಲಿಸಿದರು. ಅಪ್ಪ ಬಿಟ್ಟುಹೋದ ಮನೆಯ ಪತ್ರಕ್ಕೆ ರುಜು ಬೇಕಂತೆ ಎಂದೆ. ಹೌದೇನಮ್ಮ ಎಂದರು. ಅಷ್ಟೇ. ಅವರು ಕಡಿಮೆ ಮಾತಾಡಿದಷ್ಟೂ ನನಗೆ ಭಯ ಹೆಚ್ಚು.

ರುಜು ಹಾಕಿ ಕಳಿಸುತ್ತಿದ್ದೇನೆ. ಹಾಕದೆ ಏನು ಮಾಡಲಿ, ಬೇರೆ ದಾರಿ ಕಾಣೆ. ಆದರೆ ಬೈಗುಳಕ್ಕೆ ಹೆದರುವವಳು ಎಂದು ಬರೆದೆಯಲ್ಲ, ಅದು ಚುಚ್ಚಿತು. ಬೈಗುಳ ಎಷ್ಟೋ ತಿಂದಿದ್ದೇನೆ, ಅದು ಜೀರ್ಣವಾಗುತ್ತದೆ.

ಮೊನ್ನೆ ಸುಬ್ಬು ಪೆಟ್ಟಿಗೆ ಮೇಲೆ ಕೂತು, ಅಮ್ಮಾ ಒಂದು ಸಲ ಸೀರೆ ಉಟ್ಟು ನೋಡ್ಲಾ ಎಂದಳು. ಧಾರೆಗೆ ಮುಂಚೆ ಉಡಬಾರದು ಎಂದರು ಅತ್ತೆ. ಅಡುಗೆಮನೆಯಲ್ಲಿ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ರತ್ನ


ಚಿಂತಾಮಣಿ
26-11-1961

ಚಿ. ಸೌ. ರತ್ನಳಿಗೆ ಆಶೀರ್ವಾದಗಳು.

ಚಿಕ್ಕಬಳ್ಳಾಪುರದ ಮುನ್ಸೀಫ್ ಕೋರ್ಟಿನಲ್ಲಿ ದಾವೆ ದಾಖಲಾಯಿತು. ಆವಲಪ್ಪನವರು ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ನಾನು ಎರಡು ಸಲ ಓದಿಕೊಂಡೆ. ನಂಬಿ ಕೊಟ್ಟ ವಸ್ತುವನ್ನು ತನ್ನದೇ ವಸ್ತುವಿನ ಹಾಗೆ ಕಾಪಾಡಬೇಕು ಎಂದು ಕರಾರು ಕಾಯ್ದೆ ಹೇಳುತ್ತದೆ. ಆ ಕಾಯ್ದೆಗೆ ಈಗ ಹತ್ತಿರ ಹತ್ತಿರ ತೊಂಬತ್ತು ವರ್ಷ. ಅಂಗಡಿಯವನು ಒಂದು ಅಚ್ಚಿನ ಮೊಳೆಯಿಂದ ಅದನ್ನು ಅಳಿಸಬಹುದೇ? ಇದೇ ನಮ್ಮ ಪ್ರಶ್ನೆ. ಗೆದ್ದರೆ ನಿನ್ನೊಬ್ಬಳ ಸೀರೆಯ ಮಾತಲ್ಲ, ಈ ಸೀಮೆಯಲ್ಲಿ ರಸೀದಿ ಹಿಡಿದು ಪೆಚ್ಚಾಗಿ ವಾಪಸ್ಸು ಬರುವ ಪ್ರತಿಯೊಬ್ಬರ ಮಾತು.

ಕಂಪನಿಯ ವಕೀಲರು ಕೋರ್ಟಿನ ಕ್ಯಾಂಟೀನಿನಲ್ಲಿ ಸಿಕ್ಕಿ ಏನೇನೋ ಮಾತಾಡಿದರು. ನಿನಗೆ ಬೇಕಾದ್ದು ಅದರಲ್ಲಿ ಏನೂ ಇಲ್ಲ. ನೀನು ನೆಮ್ಮದಿಯಾಗಿರು. ನಿನ್ನ ಅತ್ತಿಗೆ ಕೊಬ್ಬರಿ ಮಿಠಾಯಿ ಮಾಡಿ ಯಾರ ಕೈಯಲ್ಲಾದರೂ ಕಳಿಸಬೇಕು ಎಂದು ಕಾಯುತ್ತಿದ್ದಾಳೆ.

ಚನ್ನಕೇಶವ


ಸಾದಲಿ
30-1-1962

ಅಣ್ಣನಿಗೆ ನಮಸ್ಕಾರ.

ಇಲ್ಲಿ ಊರಿಗೆ ಊರೇ ಅಷ್ಟಗ್ರಹ ಕೂಟಕ್ಕೆ ನಡುಗುತ್ತಿದೆ. ಈ ಶನಿವಾರದಿಂದ ಎಂಟು ಗ್ರಹ ಒಂದೇ ಮನೆಯಲ್ಲಿ ಕೂಡುತ್ತವಂತೆ, ಲೋಕ ಮುಳುಗುತ್ತದಂತೆ. ದೇವಸ್ಥಾನದಲ್ಲಿ ಹೋಮ ನಡೆದಿದೆ. ಇರುವ ಕೋಳಿಯನ್ನೆಲ್ಲ ಕೊಯ್ದು ತಿಂದು ಮುಗಿಸುತ್ತಿರುವವರೂ ಇದ್ದಾರೆ. ಅತ್ತೆ ದಿನಾ ತುಪ್ಪದ ದೀಪ ಹಚ್ಚುತ್ತಾರೆ. ನನಗೆ ಲೋಕ ಮುಳುಗುವ ಭಯವಿಲ್ಲ. ಮುಳುಗಿದರೆ ಪೆಟ್ಟಿಗೆ ತೆಗೆಯುವ ದಿನ ಬರುವುದಿಲ್ಲವಲ್ಲ ಎಂದು ನೆಮ್ಮದಿಯೇ ಆಗುತ್ತದೆ. ಇಂಥ ಯೋಚನೆ ಬರುವಷ್ಟು ಕೆಟ್ಟುಹೋಗಿದ್ದೇನೆ.

ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಬರೆಯುತ್ತೇನೆ. ನಮ್ಮ ಭಾವ ಚೆನ್ನರಾಯಪ್ಪನವರ ಹೆಂಡತಿ ಕದಿರಮ್ಮಕ್ಕ ತವರಿನಲ್ಲಿದ್ದಾರೆ ಎಂದಾಗ ಮೈಗೆ ಹುಷಾರಿಲ್ಲವೇನೋ ಎಂದುಕೊಂಡಿರಿ. ನಾನೂ ಹೌದು ಎಂದೆ. ಅದು ಸುಳ್ಳು. ನಾನು ಮದುವೆಯಾಗಿ ಬಂದ ವರ್ಷ ಈ ಮನೆಯ ಬೆಳ್ಳಿ ಚೊಂಬು ಕಾಣೆಯಾಯಿತು. ಕೊನೆಗೆ ತೊಳೆದಿಟ್ಟವರು ಅಕ್ಕ. ಅತ್ತೆ ಕೂಗಾಡಲಿಲ್ಲ, ಹೊಡೆಯಲಿಲ್ಲ. ಬಾವಿಕಟ್ಟೆಯಲ್ಲಿ ಹತ್ತು ಹೆಂಗಸರ ಮುಂದೆ, “ಕೈ ಶುದ್ಧ ಇಲ್ದೋರ್ಗೆ ನಮ್ಮನೇಲಿ ಜಾಗ ಇಲ್ಲ” ಎಂದರು. ಮನೆಗೆ ಬಂದು, “ಬಟ್ಟೆ ಕಟ್ಕೊ” ಎಂದರು. ಗಾಡಿ ಕಟ್ಟಿಸಿದರು. ಭಾವ ಗಾಡಿಯ ಹಿಂದೆ ಕೆರೆ ಏರಿಯವರೆಗೆ ನಡೆದುಹೋಗಿ, ಅಲ್ಲಿಂದ ತಿರುಗಿ ಬಂದು ಹುಳಕ್ಕೆ ಸೊಪ್ಪು ಹಾಕಿದರು. ಅಕ್ಕನ ತಂದೆ ಎರಡು ಸಲ ಕೇಳಲು ಬಂದರು. ಅತ್ತೆ ನೀರು ಮಜ್ಜಿಗೆ ಕೊಟ್ಟು ಕಳಿಸಿದರು. ಮೂರು ವರ್ಷವಾಯಿತು. ಅಕ್ಕನ ಹೆಸರು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅಕ್ಕನ ವಿಷಯದಲ್ಲಿ ಚೊಂಬು ತಾನಾಗಿ ಕಾಣೆಯಾಗಿತ್ತು. ನಾನು ಬೇರೆ ಸೀರೆ ಸುತ್ತಿಟ್ಟು ಬೀಗ ಹಾಕಿದವಳು. ಈಗ ಹೇಳು, ನಾನು ಬೈಗುಳಕ್ಕೆ ಹೆದರುತ್ತಿದ್ದೇನೆಯೇ?

ದಾವೆ ವಾಪಸ್ಸು ತೆಗೆದುಬಿಡು. ನಿನ್ನ ಕಾಲು ಹಿಡಿದು ಕೇಳುತ್ತೇನೆ.

ರತ್ನ


ಚಿಂತಾಮಣಿ
7-2-1962

ಚಿ. ಸೌ. ರತ್ನಳಿಗೆ.

ಲೋಕ ಮುಳುಗಲಿಲ್ಲ. ಆದರೆ ನಿನ್ನ ಕಾಗದ ಓದಿದ ದಿನ ನಾನು ಕೋರ್ಟಿಗೆ ಹೋಗಲಿಲ್ಲ. ಇದನ್ನು ನೀನು ಅಕ್ಟೋಬರಿನಲ್ಲೇ ಬರೆದಿದ್ದರೆ, ಎಂದು ಶುರುಮಾಡಿ ನಿಲ್ಲಿಸಿದೆ. ನಾನೂ ಕೇಳಲಿಲ್ಲ. ಮಾತಿಗೆ ಮಾತು ತಮಾಷೆ ಮಾಡುತ್ತ ಕೂತೆ.

ಈಗ ವಾಪಸ್ಸು ತೆಗೆದರೆ ಕಂಪನಿಯ ಖರ್ಚನ್ನೂ ನಾವೇ ಕಟ್ಟಬೇಕು, ಸೀರೆಯೂ ಇಲ್ಲ, ಬೆಲೆಯೂ ಇಲ್ಲ. ವೈಶಾಖಕ್ಕೆ ಬರಿಗೈ. ಚುನಾವಣೆಯ ಗಲಾಟೆಯಲ್ಲಿ ವಾಯಿದೆ ಮಾರ್ಚಿಗೆ ಹೋಗಿದೆ. ನೀನು ಒಂದು ದಿನ ಬಂದು ಎರಡು ಮಾತು ಹೇಳಿದರೆ ಸಾಕು. ನಿನ್ನ ಅತ್ತೆಯ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳುತ್ತೇನೆ. ಇದು ನನ್ನ ಮಾತು.

ಚನ್ನಕೇಶವ


ಸಾದಲಿ
4-3-1962

ಅಣ್ಣನಿಗೆ.

ನಿನ್ನ ಮಾತು ಖಾಕಿ ಕೋಟು ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂತು. ಕೋರ್ಟಿನ ಅಮೀನ, ಲಕ್ಷ್ಮೀನರಸಮ್ಮ ಅಂದ್ರೆ ಯಾರಮ್ಮ ಎಂದು ಕೇಳಿದ. ಅತ್ತೆಗೇ ಸಮನ್ಸು. ಕಂಪನಿಯವರು ಅವರನ್ನು ಸಾಕ್ಷಿಗೆ ಕರೆಸಿದ್ದಾರೆ.

ಅತ್ತೆಗೆ ಓದು ಬರುವುದಿಲ್ಲ. ಅವರು ಹೆಬ್ಬೆಟ್ಟು ಒತ್ತಿ, ಕೆರೆಕೆಳಗಿನ ಗದ್ದೆಯದೇನೋ ತಕರಾರು ಎಂದುಕೊಂಡು, ಕಾಗದವನ್ನು ನನ್ನ ಕೈಗೆ ಕೊಟ್ಟರು. “ಓದಮ್ಮ, ಏನಂತೆ?” ಎಂದರು. ಭಾವ, ನಮ್ಮ ಯಜಮಾನರು, ಸುಬ್ಬು ಎಲ್ಲರೂ ಜಗಲಿಯಲ್ಲೇ ಇದ್ದರು.

ಗದ್ದೆಯದು ಎಂದುಬಿಡಬಹುದಿತ್ತು, ಅಣ್ಣ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೋರ್ಟಿಗೆ ಹೋದಮೇಲೆ ಗೊತ್ತಾಗಿಯೇ ಗೊತ್ತಾಗುತ್ತದೆ, ಆಗ ಇನ್ನೊಂದು ಸುಳ್ಳೂ ಸೇರುತ್ತದೆ. ನನಗೆ ಸುಳ್ಳು ಹೇಳಿ ಹೇಳಿ ಸುಸ್ತಾಗಿತ್ತು. ಓದಿದೆ. ವಾದಿ ವೆಂಕಟರತ್ನಮ್ಮ ಎಂದು ನನ್ನ ಹೆಸರನ್ನು ನಾನೇ ಓದಿದೆ. ಧಾರೆ ಸೀರೆ ಎಂಬಲ್ಲಿ ನಿಂತು, ಆ ಸಾಲನ್ನು ಮೊದಲಿನಿಂದ ಮತ್ತೆ ಓದಿದೆ. ಕಡೆಯ ಸಾಲಿನವರೆಗೂ ಓದಿ ಕಾಗದ ಮಡಿಸಿದೆ.

ಸುಬ್ಬು ಅಳಲು ಶುರುಮಾಡಿದಳು. ಯಜಮಾನರು ನನ್ನ ಮುಖ ನೋಡಲಾರದೆ ತೋಟಕ್ಕೆ ಹೋದರು. ಅತ್ತೆ ಎದ್ದು ಒಳಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆದರು. ಬಿಳಿ ಬಟ್ಟೆ ಬಿಚ್ಚಿ, ಒಳಗಿದ್ದ ನನ್ನ ಸೀರೆಯನ್ನು ಸವರಿ ನೋಡಿ, ಮತ್ತೆ ಹಾಗೇ ಸುತ್ತಿ ಬೀಗ ಹಾಕಿದರು. ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಆಡಿಲ್ಲ. ಊಟಕ್ಕೆ ಬಡಿಸುತ್ತಾರೆ. ನಾನು ಗಾಡಿಯ ಸದ್ದು ಕೇಳಿದಾಗಲೆಲ್ಲ ಹಿತ್ತಿಲಿಗೆ ಓಡುತ್ತೇನೆ.

ರತ್ನ


ಸಾದಲಿ
25-3-1962

ಅಣ್ಣನಿಗೆ.

ಕೋರ್ಟಿನಲ್ಲಿ ನೀನೂ ಇದ್ದೆ. ಆದರೆ ನನಗೆ ಹೇಗಾಯಿತು ಎಂದು ನೀನು ತಿಳಿದಿರಬೇಕು, ಅದಕ್ಕೆ ಬರೆಯುತ್ತೇನೆ.

ರಸೀದಿಯ ಹಿಂಬದಿ ಓದಿದ್ದೀರಾ ಎಂದು ಕಂಪನಿಯ ವಕೀಲರು ಕೇಳಿದರು. ಓದಿಲ್ಲ, ಇಂಗ್ಲಿಷು ಬರುವುದಿಲ್ಲ ಎಂದೆ. ಬರುವಂತಿದ್ದರೆ ಓದುತ್ತಿದ್ದಿರಾ ಎಂದರು. “ಒಗೆಯೋಕೆ ಕೊಟ್ಟ ಸೀರೇನ ಮಾರ್ಕೊಂಡ್ಬಿಡ್ತೀರಾ ಅಂತ ಯಾರಾದ್ರೂ ಕೇಳ್ತಾರಾ ಸ್ವಾಮಿ?” ಎಂದೆ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಮುನ್ಸೀಫರು ತಲೆಯೆತ್ತಿ ನೋಡಿದರು.

ಆಗ ಆ ವಕೀಲರು ಸಿಟ್ಟಿನಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನವೆಂಬರಿನಲ್ಲೇ ಸೀರೆಯ ಪೂರ್ತಿ ಬೆಲೆ ಕೊಟ್ಟು ಸದ್ದಿಲ್ಲದೆ ಮುಗಿಸುತ್ತೇವೆ ಎಂದಿದ್ದರಂತೆ. ಷರತ್ತಿನ ಮಾತೆತ್ತಬೇಡಿ, ಅಷ್ಟೇ ಅಂದಿದ್ದರಂತೆ. ವಾದಿಯ ಕಡೆಯವರು ಒಪ್ಪಲಿಲ್ಲವಂತೆ. ವಾದಿ ಎಂದರೆ ನಾನು, ಅಣ್ಣ. ನನ್ನನ್ನು ಯಾರು ಕೇಳಿದರು? ನಾನು ನಿನ್ನ ಕಡೆ ನೋಡಿದೆ. ನೀನು ಫೈಲು ನೋಡುತ್ತಿದ್ದೆ.

ಒಪ್ಪಿದ್ದರೆ ಅಮೀನ ಬರುತ್ತಿರಲಿಲ್ಲ. ನಾಲ್ಕು ತಿಂಗಳು ನಾನು ಉಸಿರು ಬಿಗಿಹಿಡಿದದ್ದು ನಿನ್ನ ತೀರ್ಪಿಗೋಸ್ಕರ.

ಆಮೇಲೆ ಅತ್ತೆಯನ್ನು ಕರೆದರು. ಸೀರೆ ನಿಮ್ಮದೋ ಸೊಸೆಯದೋ ಎಂದರು. ತಮ್ಮದು ಎಂದರೆ ನಾನು ಕೇಳದೆ ಕೊಟ್ಟ ಕಳ್ಳಿ, ದಾವೆ ಅಲ್ಲಿಗೇ ಬೀಳುತ್ತದೆ. ಅತ್ತೆ ಕಟಕಟೆ ಹಿಡಿದುಕೊಂಡು ನಿಧಾನವಾಗಿ ಹೇಳಿದರು. “ನಮ್ಮನೇಲಿ ಆ ಸೀರೆ ಒಬ್ರುದಲ್ಲ ಸ್ವಾಮಿ. ಕೊನೇಗೆ ಬಂದ ಸೊಸೆ ಕಾಯ್ಬೇಕು. ಇವಳು ಕಾಯ್ತಿದ್ಲು.”

ನಿಮ್ಮನ್ನು ಕೇಳದೆ ಅಂಗಡಿಗೆ ಕೊಟ್ಟದ್ದು ತಪ್ಪಲ್ಲವೇ ಎಂದರು. “ಅವಳ ತಪ್ಪು ಕೇಳೋಕೆ ಮನೇಲಿ ನಾನಿದೀನಿ. ನಂಬಿ ಕೊಟ್ಟಿದ್ದನ್ನ ಒಂದು ಮಾತು ಹೇಳ್ದೆ ಯಾಕೆ ಮಾರಿದ್ರಿ? ಅದಕ್ಕೆ ನೀವು ಜವಾಬು ಹೇಳಿ.”

ನಿನ್ನ ಸೀನಿಯರ್ ಮೀಸೆಯಲ್ಲೇ ನಕ್ಕರು. ನೀನು ಗೆದ್ದಂತೆ ಕೂತಿದ್ದೆ. ನಾನು ಮೊದಲನೆಯ ಮಾತಿನಲ್ಲೇ ನಿಂತುಹೋದೆ. ಮನೇಲಿ ನಾನಿದೀನಿ ಎಂದರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಶಿಡ್ಲಘಟ್ಟದವರೆಗೂ ಕಿಟಕಿಯ ಆಚೆ ನೋಡಿದರು. ಆ ಮಾತು ನನ್ನನ್ನು ಕಾಪಾಡುವುದಕ್ಕೋ ಕಳಿಸುವುದಕ್ಕೋ ನನಗೆ ತಿಳಿಯುತ್ತಿಲ್ಲ.

ಇನ್ನು ನಿನಗೆ ಬರೆಯುವುದಿಲ್ಲ.

ವೆಂಕಟರತ್ನ


ಚಿಂತಾಮಣಿ
1-4-1962

ರತ್ನಾ,

ಅವರು ಹೇಳಿದ್ದು ನಿಜ. ಕ್ಯಾಂಟೀನಿನಲ್ಲಿ ಕೇಳಿದ್ದರು. ಆವಲಪ್ಪನವರು ತಂಗಿಯನ್ನು ಕೇಳಿ ಹೇಳು ಎಂದರು, ಕೇಳದೆಯೇ ನಾನು, ಕೇಳಿದೆ, ಬೇಡ ಎಂದಳು ಎಂದುಬಿಟ್ಟೆ. ದುಡ್ಡು ಕೊಟ್ಟು ಬಾಯಿ ಮುಚ್ಚಿಸಿ, ಆ ರಸೀದಿಯನ್ನೇ ಮಾರನೆಯ ದಿನ ಇನ್ನೊಬ್ಬಳ ಕೈಗೆ ಕೊಡುತ್ತಾರಲ್ಲ ಎಂದು ಕಿಚ್ಚು ಹತ್ತಿತ್ತು. ಕದಿರಮ್ಮನ ವಿಷಯ ಆಗ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳಲು ಮುಖವಿರಲಿಲ್ಲ. ಏನಾದರೂ ಎರಡು ಸಾಲು ಬರೆ.

ಚನ್ನಕೇಶವ


ಚಿಂತಾಮಣಿ
17-4-1962

ರತ್ನಾ,

ತೀರ್ಪು ಬಂತು. ಗೆದ್ದೆವು. ನಕಲನ್ನು ಕನ್ನಡ ಮಾಡಿ ಇಟ್ಟಿದ್ದೇನೆ. ಮುಖ್ಯವಾದ ಭಾಗವನ್ನು ಇಲ್ಲೂ ಬರೆಯುತ್ತೇನೆ.

“ವಸ್ತುವನ್ನು ನಂಬಿ ಒಪ್ಪಿಸಿದವರಿಗೆ ಅರ್ಥವಾಗದ ಭಾಷೆಯಲ್ಲಿ, ಅವರ ಒಪ್ಪಿಗೆಯನ್ನೇ ಕೇಳದೆ, ರಸೀದಿಯ ಹಿಂದೆ ಅಚ್ಚು ಹಾಕಿದ ಮಾತು ಒಪ್ಪಂದವಾಗುವುದಿಲ್ಲ. ಒಪ್ಪಿಸಿಕೊಂಡವನು ಹೇಳದೆ ಕೇಳದೆ ಅದನ್ನು ಹೊರಗೆ ಹಾಕಬಹುದು ಎಂಬ ಷರತ್ತನ್ನು ಎಲ್ಲರೂ ಇಟ್ಟುಕೊಂಡರೆ, ಯಾರೂ ಯಾರನ್ನೂ ನಂಬಿ ಏನನ್ನೂ ಕೊಡಲಾರರು. ಇದು ಸಾರ್ವಜನಿಕ ಹಿತಕ್ಕೆ ವಿರುದ್ಧ. ಇದನ್ನು ನ್ಯಾಯಾಲಯ ನಡೆಸಿಕೊಡುವುದಿಲ್ಲ.”

ಸೀರೆಯ ಪೂರ್ತಿ ಬೆಲೆ, ಖರ್ಚು ಸಮೇತ. ಕೋರ್ಟಿನಲ್ಲಿ ಎಲ್ಲರೂ ಕೈ ಕುಲುಕಿದರು. ಮನೆಗೆ ಬಂದರೆ ಊಟ ಸೇರಲಿಲ್ಲ. ನಿನ್ನಿಂದ ಕಾಗದ ಬಂದು ತಿಂಗಳಾಗುತ್ತ ಬಂತು. ನಾನೇ ಸಾದಲಿಗೆ ಬರಬೇಕೆಂದರೆ, ಬಂದು ಇನ್ನಷ್ಟು ಕೆಡಿಸಿಬಿಟ್ಟರೆ ಎಂದು ಭಯ.

ಚನ್ನಕೇಶವ


ಸಾದಲಿ
22-4-1962

ಅಣ್ಣ,

ಅತ್ತೆ ಈಗ ತಾನೆ ಬಟ್ಟೆ ಕಟ್ಟಿಕೊ ಎಂದರು. ನಾಳೆ ಬೆಳಿಗ್ಗೆ ಗಾಡಿ. ತೀರ್ಪಿನ ಕಾಗದವನ್ನೂ ತಗೋ ಎಂದರು. ಯಜಮಾನರು ಬರುವುದಿಲ್ಲ. ನನಗೊಂದು ಮೂಲೆ ಮಾಡಿಡು.

ರತ್ನ


ಚಿಂತಾಮಣಿ
25-4-1962

ರತ್ನಾ,

ನಿನ್ನ ಕಾಗದ ಇವತ್ತು ಬಂತು. ನೀನು ಹೊರಟದ್ದು ಮೊನ್ನೆ. ಬಸ್ ಸ್ಟ್ಯಾಂಡಿಗೆ ಓಡಿದೆ. ಮೊನ್ನೆ ಮಧ್ಯಾಹ್ನ ಶಿಡ್ಲಘಟ್ಟದ ಬಸ್ಸಿನಿಂದ ಒಬ್ಬ ಮುದುಕಿ, ಒಬ್ಬ ಹುಡುಗಿ ಗಂಟು ಹಿಡಿದು ಇಳಿದರು, ಆ ಹುಡುಗಿ ಅಳುತ್ತಿದ್ದಳು ಎಂದು ಹೋಟೆಲಿನವನು ಹೇಳಿದ. ನಮ್ಮ ಮನೆಗೆ ನೀನು ಬಂದಿಲ್ಲ. ಎಲ್ಲಿದ್ದೀಯ? ಕೆರೆ ಬಾವಿ ಎಂದು ಏನೇನೋ ಮನಸ್ಸಿಗೆ ಬರುತ್ತಿದೆ. ಆ ದುಡ್ಡು ಬೇಡ, ತೀರ್ಪೂ ಬೇಡ. ಇದನ್ನು ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಯಾರು ಓದಿದರೂ ಓದಲಿ. ಇವಳು ಎಲ್ಲಿದ್ದಾಳೆ ಎಂದು ಬಲ್ಲವರು ದಯವಿಟ್ಟು ಎರಡು ಸಾಲು ಹಾಕಿ.

ಚನ್ನಕೇಶವ


ಸಾದಲಿ
28-4-1962

ಪ್ರಿಯ ಅಣ್ಣನಿಗೆ ರತ್ನಳ ನಮಸ್ಕಾರ.

ನಿನ್ನ ಕಾರ್ಡನ್ನು ಅಂಚೆಯವನು ಬಾಗಿಲಲ್ಲಿ ಗಟ್ಟಿಯಾಗಿ ಓದಿದ. ಈ ಸಲ ನಾನು ತಡೆಯಲಿಲ್ಲ. ನಾನು ಇದ್ದೇನೆ, ಈ ಮನೆಯಲ್ಲೇ ಇದ್ದೇನೆ. ಮೊದಲೇ ತಿಳಿಸದೆ ನಿನ್ನನ್ನು ಹೆದರಿಸಿದೆ. ನಿಜ ಹೇಳಬೇಕೆಂದರೆ, ಒಂದೆರಡು ದಿನ ನೀನೂ ಹೆದರಿರಲಿ ಎಂದು ಸುಮ್ಮನಿದ್ದೆ.

ಚಿಂತಾಮಣಿಯಲ್ಲಿ ಬಸ್ಸು ಇಳಿದಾಗ ಅತ್ತೆ ನಿನ್ನ ಮನೆಯ ಬೀದಿ ಕೇಳುತ್ತಾರೆ ಎಂದುಕೊಂಡು ಅಳುತ್ತ ನಿಂತಿದ್ದೆ. ಅವರು ಕಂಡಕ್ಟರನ್ನು ಕೇಳಿದ್ದು ಅಂಬಾಜಿದುರ್ಗದ ಕಡೆ ಹೋಗುವ ಬಸ್ಸು. ಆಗಲೂ ನನಗೆ ಹೊಳೆಯಲಿಲ್ಲ. ಬೆಟ್ಟದ ಕೆಳಗಿನ ಊರಿನಲ್ಲಿ ಒಂದು ಮನೆಯ ಮುಂದೆ ನಿಂತಾಗ, ಒಳಗಿನಿಂದ ಕದಿರಮ್ಮಕ್ಕ ಬಂದರು. ಕೂದಲು ಅರ್ಧ ನೆರೆತಿದೆ, ಅಣ್ಣ. ನನಗಿಂತ ನಾಲ್ಕೇ ವರ್ಷ ದೊಡ್ಡವರು.

ಅತ್ತೆ ಒಳಗೆ ಹೋಗಲಿಲ್ಲ. ಜಗಲಿಯ ಮೇಲೆ ಕೂತು, ತೀರ್ಪನ್ನು ಓದು ಎಂದರು. ಬೀಗತಿಯ ಮನೆಗೆ ಬಂದು ಕೋರ್ಟಿನ ಕಾಗದ ಓದಿಸುತ್ತಾರಲ್ಲ ಎಂದು ಅವರೆಲ್ಲ ಗಾಬರಿಯಾದರು. ಓದಿದೆ. ಒಪ್ಪಿಸಿಕೊಂಡವನು ಹೇಳದೆ ಕೇಳದೆ ಹೊರಗೆ ಹಾಕಬಹುದು ಎಂಬ ಷರತ್ತು ನಡೆಯುವುದಿಲ್ಲ ಎಂಬಲ್ಲಿ, ಸಾಕು ಎಂದರು.

ಅಕ್ಕನ ಕಡೆ ತಿರುಗಿ ಹೇಳಿದರು. “ನಿಮ್ಮಪ್ಪ ನಿನ್ನ ನನ್ನ ಕೈಗೆ ಒಪ್ಸಿದ್ರು. ನಾನು ನಿನ್ನ ಒಂದು ಮಾತೂ ಕೇಳ್ದೆ ಗಾಡಿ ಹತ್ತಿಸ್ದೆ. ಚೊಂಬು ಇನ್ನೂ ಸಿಕ್ಕಿಲ್ಲ ಕಣಮ್ಮ. ಸಿಗದಿದ್ರೂ ಬಾ.”

ಕೋರ್ಟಿನಲ್ಲಿ ಆ ವಕೀಲನಿಗೆ ಯಾಕೆ ಮಾರಿದಿರಿ ಎಂದು ಕೇಳಿದ ಮಾತು ತಮಗೇ ತಿರುಗಿ ಬಂತು ಎಂದು ಆಮೇಲೆ ದಾರಿಯಲ್ಲಿ ಹೇಳಿದರು. ಅವತ್ತು ಕೋರ್ಟಿನಿಂದ ಬರುವ ಬಸ್ಸಿನಲ್ಲಿ ಅದಕ್ಕೇ ಮಾತು ಹೊರಡಲಿಲ್ಲವಂತೆ.

ಅಕ್ಕ ಓಡಿಬಂದು ಕಾಲಿಗೆ ಬೀಳುತ್ತಾರೆ ಎಂದುಕೊಂಡಿದ್ದೆ. ಬೀಳಲಿಲ್ಲ. ಕಂಬ ಹಿಡಿದು ನಿಂತು ಹೇಳಿದರು. “ಬರ್ತೀನತ್ತೆ. ಒಂದು ಷರತ್ತೈತೆ. ಬಾವಿಕಟ್ಟೇಲಿ ಹತ್ತು ಜನದ ಮುಂದೆ ಕಳ್ಳಿ ಅಂದ್ರಿ. ಅಲ್ಲೇ ನಿಂತ್ಕೊಂಡು ಅಲ್ಲ ಅನ್ನಿ.”

ಅತ್ತೆ ಸೆರಗಿನ ಗಂಟು ಬಿಚ್ಚಿ ಮತ್ತೆ ಕಟ್ಟಿದರು. ನನಗೆ ಆಗ ಆದ ಭಯ ಅಮೀನ ಬಂದಾಗಲೂ ಆಗಿರಲಿಲ್ಲ. ಆಮೇಲೆ ಕುಡಿಯಲು ನೀರು ಕೇಳಿದರು. ಕುಡಿದು, ಆಗ್ಲಮ್ಮ ಎಂದರು. ಅವತ್ತು ಅಲ್ಲೇ ಉಳಿದೆವು. ಬಟ್ಟೆ ಕಟ್ಟಿಕೊ ಎಂದದ್ದು ಅದಕ್ಕೆ. ಬಾಯಿಬಿಟ್ಟು ಹೇಳಿದ್ದರೆ ನನ್ನ ಒಂದು ದಿನದ ಪ್ರಾಣ ಉಳಿಯುತ್ತಿತ್ತು, ಆದರೆ ಅವರು ಹಾಗೇ.

ಮೊನ್ನೆ ಬೆಳಿಗ್ಗೆ ನೀರಿಗೆ ಎಲ್ಲರೂ ಬಂದ ಹೊತ್ತಿಗೆ ಅತ್ತೆ ಅಕ್ಕನ ಕೈ ಹಿಡಿದುಕೊಂಡು ಬಾವಿಕಟ್ಟೆಗೆ ಹೋದರು. ಹೇಳಿದರು. ಕಳ್ಳಿ ಅಲ್ಲ ಎಂದು ಪೂರ್ತಿ ಹೇಳಿದರು. ಭಾವ ದೂರದಲ್ಲಿ ಸೊಪ್ಪಿನ ಹೊರೆ ಹೊತ್ತು ನಿಂತಿದ್ದವರು ಹೊರೆ ಇಳಿಸುವುದನ್ನೇ ಮರೆತಿದ್ದರು.

ನನ್ನ ತಪ್ಪನ್ನೂ ಕೇಳಿದರು. ಮನೆಯೊಳಗೆ, ಬಾಗಿಲು ಹಾಕಿಕೊಂಡು. ಏನೆಂದರು ಎಂಬುದು ನಮ್ಮಿಬ್ಬರಲ್ಲಿ ಇರಲಿ. ಚೆನ್ನಾಗಿಯೇ ಕೇಳಿದರು. ಬರಬೇಕಾದ ತೀರ್ಪಿನ ದುಡ್ಡನ್ನು ನೆಚ್ಚಿ ಹೊಸ ಧಾರೆ ಸೀರೆ ನೇಯಲು ಕೊಟ್ಟಿದೆ, ನಮ್ಮ ಗೂಡಿನ ನೂಲಿನದೇ. ಎಣ್ಣೆ ಚೆಲ್ಲಿದರೆ ಸೀಗೆಪುಡಿಯೇ ಗತಿ ಎಂದು ಅತ್ತೆಯ ಅಪ್ಪಣೆಯಾಗಿದೆ.

ಈಗ ನಿನ್ನ ವಿಷಯ. ನೀನು ಆ ರಾಜಿಯ ಮಾತನ್ನು ನನಗೆ ಹೇಳಿದ್ದರೆ ಕುಣಿದಾಡಿ ಒಪ್ಪುತ್ತಿದ್ದೆ. ಪೆಟ್ಟಿಗೆಯಲ್ಲಿ ಒಂದು ಸೀರೆ ಇರುತ್ತಿತ್ತು, ಅಕ್ಕ ಅಂಬಾಜಿದುರ್ಗದಲ್ಲೇ ಮುದುಕಿಯಾಗುತ್ತಿದ್ದರು. ಇದನ್ನು ನೆನೆದಾಗ ನಿನ್ನ ಮೇಲೆ ಸಿಟ್ಟು ನಿಲ್ಲುವುದಿಲ್ಲ. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಬೇಡ ಎಂದೆಯಲ್ಲ, ಅದನ್ನು ನೆನೆದಾಗ ಕ್ಷಮಿಸಲೂ ಆಗುವುದಿಲ್ಲ. ಎರಡೂ ಹಾಗೇ ಇರಲಿ.

ಮದುವೆಗೆ ಅತ್ತಿಗೆಯನ್ನು ಕರೆದುಕೊಂಡು ತಪ್ಪದೆ ಬಾ. ಆದರೆ ಅಕ್ಕನ ಹಾಗೆ ನನ್ನದೂ ಒಂದು ಷರತ್ತು, ಹಿಂಬದಿಯಲ್ಲಿ ಅಲ್ಲ, ಮುಂದೆಯೇ ಬರೆಯುತ್ತಿದ್ದೇನೆ. ಇನ್ನು ಮೇಲೆ ನನ್ನ ಪರವಾಗಿ ಏನೇ ಬರೆಯುವುದಿದ್ದರೂ, ಮೊದಲು ನನಗೆ ಓದಿ ಹೇಳು.

ನಿನ್ನ ತಂಗಿ
ವೆಂಕಟರತ್ನ